ಕಟ್ಟೆಯ ಮುಂದಿನ ಸೈಕಲ್ಲು

"ಗುರುಗಳೇ, ಇರುವುದು ಒಂದೇ ವಸ್ತು, ಬೇಕೆನ್ನುವವರು ಹಲವರು. ಆಗ ಅದು ಯಾರಿಗೆ ಸಲ್ಲಬೇಕು?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ. ಗುರುಗಳು ಈ ಕತೆ ಹೇಳಿದರು.

ಹೊಳೆದಂಡೆಯ ಊರಿನಲ್ಲಿ ಒಬ್ಬ ಸೈಕಲ್ ವ್ಯಾಪಾರಿ ಇದ್ದ. ಅಪರೂಪಕ್ಕೊಂದು ಸೈಕಲ್ಲು ಮಾರಿ, ಉಳಿದ ಹೊತ್ತು ಪಂಕ್ಚರ್ ಹಾಕಿಕೊಂಡು ನೆಮ್ಮದಿಯಾಗಿದ್ದ. ಒಂದು ವರ್ಷ ನೆರೆ ಬಂದು ಸೇತುವೆ ಕುಸಿಯಿತು. ಬಸ್ಸು ನಿಂತಿತು. ಜನರೇ ಕಟ್ಟಿದ ಕಾಲುಸಂಕದ ಮೇಲೆ ದಾಟಬಲ್ಲದ್ದು ಸೈಕಲ್ಲೊಂದೇ. ಊರಿಗೆ ಊರೇ ಅವನ ಅಂಗಡಿಗೆ ಬಂತು. ಸುತ್ತಲಿನ ಊರುಗಳಲ್ಲೂ ಅದೇ ಪಾಡು. ಕಾರ್ಖಾನೆಯಲ್ಲಿ ಚೈನಿದ್ದರೆ ಟೈರಿಲ್ಲ. ಎಷ್ಟು ಹೇಳಿ ಕಳಿಸಿದರೂ ಅವನಿಗೆ ಬಂದದ್ದು ಒಂದೇ ಸೈಕಲ್ಲು.

ವ್ಯಾಪಾರಿಗೆ ದಿಗಿಲಾಯಿತು. ಒಬ್ಬರಿಗೆ ಕೊಟ್ಟರೆ ಉಳಿದವರು ಮುಖ ತಿರುಗಿಸುತ್ತಾರೆ. ಅವನು ಬಾಳಬೇಕಾದದ್ದು ಇವರೆಲ್ಲರ ನಡುವೆ. ಹೆಚ್ಚು ಕೊಡುತ್ತೇನೆಂದ ಜವಳಿ ಸಾಹುಕಾರನಿಗೆ ಆಗುವುದಿಲ್ಲ ಎಂದ. ಮೊದಲು ಕೇಳಿದ್ದು ನಾನೇ ಎನ್ನುವವರಂತೂ ಬೇಕಾದಷ್ಟು ಮಂದಿ. ಕೊನೆಗೆ ಸೈಕಲ್ಲನ್ನು ಅಂಗಡಿಯ ಕಟ್ಟೆಯ ಮುಂದೆ ನಿಲ್ಲಿಸಿ, ಎಲ್ಲರನ್ನೂ ಕೂರಿಸಿ, ಚಹಾ ತರಿಸಿದ.

"ತೀರ್ಮಾನ ಮಾಡುವುದು ನನ್ನಿಂದಾಗದು. ಯಾರಿಗೆ ಯಾವ ಹೊತ್ತಿಗೆ ಬೇಕು, ನೀವು ನೀವೇ ಮಾತಾಡಿಕೊಳ್ಳಿ" ಎಂದ.

ಮೊದಲಿಗೆ ಹಾಲಿನವನು, ಆಚೆ ದಡಕ್ಕೆ ಹಾಲು ಹಾಕಿ ಬಿಸಿಲೇರುವ ಮುಂಚೆ ಬಂದುಬಿಡುತ್ತೇನೆ ಎಂದ. ಬಾಣಂತಿಯರನ್ನು ನೋಡಲು ಹೋಗುವ ದಾದಿ, ತನಗೆ ಬೇಕಾದದ್ದು ಆಮೇಲೆಯೇ ಎಂದಳು. ನೂಲು ತರುವ ನೇಕಾರನಿಗೆ ಸಂಜೆ ಸಾಕಿತ್ತು. ಸಾಹುಕಾರ ಬಹಳ ಹೊತ್ತು ಕೇಳುತ್ತ ಕೂತಿದ್ದು, ತನಗೆ ಸೈಕಲ್ ಹೊಡೆಯಲು ಬರುವುದೇ ಇಲ್ಲ, ಎಲ್ಲಿ ಸಿಗದೆ ಹೋಗುವುದೋ ಎಂದು ಕೇಳಿದ್ದೆ ಎಂದ. ಕಟ್ಟೆಯ ತುಂಬ ನಗು ಎದ್ದಿತು. ಸಾಹುಕಾರನೂ ನಕ್ಕ.

ಸೇತುವೆ ಮತ್ತೆ ಏಳುವವರೆಗೆ ಆ ಸೈಕಲ್ಲು ಕೈಯಿಂದ ಕೈಗೆ ಹೋಯಿತು. ಅದು ಮಾರಾಟವಾಗಲಿಲ್ಲ. ಆದರೂ ವ್ಯಾಪಾರಿ ಎಂದಿಲ್ಲದ ಗೆಲುವಿನಲ್ಲಿದ್ದ; ಸೈಕಲ್ಲಿಗೆ ಕಾಯುವವರು, ತಂದು ಬಿಟ್ಟವರು ಅವನೊಡನೆ ನಾಲ್ಕು ಮಾತಾಡದೆ ಹೋಗುತ್ತಿರಲಿಲ್ಲ. ಮುಂದೆ ಹೊಸ ಸೈಕಲ್ಲುಗಳು ಬಂದವು. ಬೇಕಾದವರು ಕೊಂಡರು. ಮೊದಲಿನದು ಮಾತ್ರ ಬೀಗವಿಲ್ಲದೆ ಅಲ್ಲೇ ನಿಂತಿತು, ಅವಸರವಿದ್ದವರು ಹತ್ತಿ ಹೋಗುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಕಾದು ನೋಡಿ, "ಕೊನೆಗೆ ಆ ಸೈಕಲ್ಲು ಯಾರದಾಯಿತು, ಗುರುಗಳೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಹಾಗೆ ಕೇಳಿದವನು ನೀನೇ ಮೊದಲು."