ತುಕ್ಕು ಬಾಗಿಲು ನುಂಗಿದ ಮರಿ

ಹತ್ತಿರ ಬನ್ನಿ ಮಕ್ಕಳೇ. ಇನ್ನೂ ಹತ್ತಿರ. ಇದನ್ನ ಯಾರಿಗೂ ಹೇಳಬಾರದು. ಹೇಳಿದರೆ ನಾಲಿಗೆ ಮೇಲೆ ಗುಳ್ಳೆ ಏಳ್ತದೆ, ನೋಡ್ಕಳಿ.

ಚುಕ್ಕವ್ವ ಅಂತ ಒಂದು ಕೋಳಿ. ಬೀದಿ ಸುತ್ತೋಳು. ಪಕ್ಕದ ಗೂಡಿನ ಬಾತುಕೋಳಿ ಬಾತಮ್ಮನ ಹತ್ರ ಊರ ಸುದ್ದಿ ಕೇಳ್ತಾ ನಿಂತಳು. ತಿರುಗಿ ನೋಡ್ತಾಳೆ, ಮರಿ ಇಲ್ಲ! ಇದ್ದದ್ದೇ ಒಂದು ಮರಿ.

"ಕಿಯೋ!"

ಎಲ್ಲಿಂದ? ಹುಣಸೆಮರದ ಕೆಳಗೆ ಹಳೇ ಕಾರು. ಕಾರಿಗೆ ತುಕ್ಕು ಬಾಗಿಲು. ಬಾಗಿಲಿಗೆ ತೂತು. ತೂತಿನೊಳಗೆ ಮರಿ.

"ಬಾಗಿಲೇ ಬಾಗಿಲೇ, ಮರಿ ಕೊಡು."

ಗಾಳಿ ಇರಲಿಲ್ಲ. ಬಾಗಿಲು ಕಿರ್ರ್ ಅಂತು.

"ಕೊಡಲ್ಲ. ತುಕ್ಕು ನನ್ನ ಮೈ ತಿಂದಿದೆ. ಬೇರೆ ತಗಡು ಹಾಕಿಸು. ಆಮೇಲೆ ಕೊಡ್ತೀನಿ."

ಚುಕ್ಕವ್ವ ತಗಡು ಬಡಿಯೋ ಜಬ್ಬಾರಣ್ಣನ ಹತ್ರ ಓಡಿದಳು.

"ಜಬ್ಬಾರಣ್ಣ ಜಬ್ಬಾರಣ್ಣ, ತಗಡು ಹಾಕು. ತಗಡು ಹಾಕಿದರೆ ಬಾಗಿಲು ಮರಿ ಕೊಡ್ತದೆ."

"ಹಾಕಲ್ಲ ಕಣವ್ವ. ಇಂಥ ಕಾರಿಗೆ ಹೊಸ ತಗಡು ಕೂರಲ್ಲ. ಇಂಥದ್ದೇ ಸತ್ತ ಕಾರಿನ ತಗಡು ತಾ."

ಮರಿ "ಕಿಯ್..." ಅಂತು.

ಚುಕ್ಕವ್ವ ಗುಜರಿ ಅಂಗಡಿ ನಿಂಗಕ್ಕನ ಹತ್ರ ಓಡಿದಳು.

"ನಿಂಗಕ್ಕ ನಿಂಗಕ್ಕ, ತಗಡು ಕೊಡು. ತಗಡು ಕೊಟ್ಟರೆ ಜಬ್ಬಾರಣ್ಣ ಹಾಕ್ತಾನೆ. ತಗಡು ಹಾಕಿದರೆ ಬಾಗಿಲು ಮರಿ ಕೊಡ್ತದೆ."

ನಿಂಗಕ್ಕ ಆಕಡೆ ಈಕಡೆ ನೋಡಿದಳು.

"ಕೊಡಲ್ಲ ಕಣೇ. ನಮ್ಮ ಗುಜರೀಲಿರೋ ಸತ್ತ ಕಾರು ಸರಿಯಿಲ್ಲ. ಒಳಗೆ ಯಾರೂ ಇಲ್ಲ, ಆದರೂ ಅದರ ದೀಪ ಮಿಣುಕ್ ಅಂತದೆ. ಅದರ ಮುಂದೆ ನಿಂಬೆಹಣ್ಣು ಕೊಯ್ದು ಎಸೀಬೇಕು. ಹಣ್ಣು ತಾ."

ಮರಿ "ಕಿ..." ಅಂತು.

ಚುಕ್ಕವ್ವ ನಿಂಬೆಗಿಡದ ಹತ್ರ ಓಡಿದಳು.

"ಗಿಡವೇ ಗಿಡವೇ, ಹಣ್ಣು ಕೊಡು. ಹಣ್ಣು ಕೊಟ್ಟರೆ ನಿಂಗಕ್ಕ ತಗಡು ಕೊಡ್ತಾಳೆ. ತಗಡು ಕೊಟ್ಟರೆ ಜಬ್ಬಾರಣ್ಣ ಹಾಕ್ತಾನೆ. ತಗಡು ಹಾಕಿದರೆ ಬಾಗಿಲು ಮರಿ ಕೊಡ್ತದೆ."

"ಹೆಂಗೆ ಕೊಡಲಿ? ಕಾರಿಗೆ ತುಕ್ಕು, ನನಗೆ ಗೆದ್ದಲು. ಬುಡ ತಿಂತಾವೆ. ಅವನ್ನ ಕೇಳು."

ಈಗ ಮರಿ ಏನೂ ಅನ್ನಲಿಲ್ಲ.

ಚುಕ್ಕವ್ವ ಬುಡಕ್ಕೆ ಬಗ್ಗಿದಳು.

"ಗೆದ್ದಲೇ ಗೆದ್ದಲೇ, ಗಿಡ ಬಿಡು. ಗಿಡ ಬಿಟ್ಟರೆ ಗಿಡ ಹಣ್ಣು ಕೊಡ್ತದೆ. ಹಣ್ಣು ಕೊಟ್ಟರೆ ನಿಂಗಕ್ಕ ತಗಡು ಕೊಡ್ತಾಳೆ. ತಗಡು ಕೊಟ್ಟರೆ ಜಬ್ಬಾರಣ್ಣ ಹಾಕ್ತಾನೆ. ತಗಡು ಹಾಕಿದರೆ ಬಾಗಿಲು ಮರಿ ಕೊಡ್ತದೆ."

"ಬಿಡಲ್ಲ ಹೋಗೇ, ಬೀದಿಬಸವಿ!"

ಹಂಗಂದದ್ದೇ ತಪ್ಪಾಯ್ತು. ಕೋಳಿ ಮುಂದೆ ಗೆದ್ದಲಿಗೆ ಅಷ್ಟು ಬಾಯಾ? ಚುಕ್ಕವ್ವ ಕೆದರಿದಳು. ಕುಕ್ಕಿದಳು. ಗುಳುಂ, ಗುಳುಂ, ಗುಳುಂ!

ಗೆದ್ದಲು ಹೋಯ್ತು, ಗಿಡ ಹಣ್ಣು ಕೊಡ್ತು. ಹಣ್ಣು ಬಂತು, ನಿಂಗಕ್ಕ ತಗಡು ಕೊಟ್ಟಳು. ತಗಡು ಬಂತು, ಜಬ್ಬಾರಣ್ಣ ತುಕ್ಕು ತಗಡು ಕತ್ತರಿಸಿದ. ಸತ್ತ ಕಾರಿನ ತಗಡು ಇಟ್ಟ. ಠಣ್ ಠಣ್ ಬಡಿದ. ತಗಡು ಸರಿ ಕೂತಿತು.

ಬಾಗಿಲು "ಹಾ..." ಅಂತ ಉಸಿರು ಬಿಡ್ತು. ಥೂ! ಮರಿಯನ್ನ ಉಗುಳಿತು.

ಮರಿ ಅಲ್ಲಾಡಿತು. ಕಣ್ಣು ಬಿಡ್ತು. ಅಮ್ಮನ ರೆಕ್ಕೆ ಕೆಳಗೆ ನುಗ್ಗಿತು. ಮೈಯೆಲ್ಲ ತುಕ್ಕಿನಂಗೆ ಕೆಂಪು. ಚುಕ್ಕವ್ವ ಒರೆಸಿದಳು. ಹೋಗಲಿಲ್ಲ. ಮತ್ತೂ ಒರೆಸಿದಳು. ಹೋಗಲೇ ಇಲ್ಲ.

ಬಾತಮ್ಮ ಕತ್ತು ಚಾಚಿ ನೋಡಿದಳು. ಮುಖಕ್ಕೆ ಹೊಡೆದಂಗೆ ಕೇಳಿಯೇ ಬಿಟ್ಟಳು:

"ಒಳಗೆ ಹೋದದ್ದು ಹಳದಿ, ಹೊರಗೆ ಬಂದದ್ದು ಕೆಂಪು. ನಿಜ ಹೇಳೇ ಚುಕ್ಕವ್ವ, ಇದರಪ್ಪ ನಮ್ಮ ಹುಂಜನೋ, ಆ ಕಾರೋ?"