ನೂರು ಪೆಟ್ಟಿನ ನಗಾರಿ

"ಗುರುಗಳೇ, ಎಲ್ಲರ ಕಿವಿಗೂ ಬೀಳುವ ಮಾತು ಗುಟ್ಟಾಗಿ ಉಳಿದೀತೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಮೆಣಸಿನ ವ್ಯಾಪಾರಿ ಇದ್ದ. ಅವನ ಮಳಿಗೆ ಬೆಟ್ಟದ ಮೇಲೆ, ಬಂದರು ಕೆಳಗೆ. ಹಡಗು ಬಂದ ದಿನ ಬಂದರಿನಲ್ಲಿದ್ದ ಅವನ ಆಳು ನಗಾರಿ ಬಾರಿಸುತ್ತಿದ್ದ. ಬೆಲೆ ಏರುವ ಮೊದಲೇ ವ್ಯಾಪಾರಿ ಬೆಳೆಗಾರರಿಂದ ಮೆಣಸು ಕೊಳ್ಳುತ್ತಿದ್ದ. ಆದರೆ ನಗಾರಿಯ ಸದ್ದಿಗೆ ಬಾಗಿಲುಂಟೇ? ಆಚೆ ಗುಡ್ಡದ ಎದುರಾಳಿಯೂ ಕೇಳಿಸಿಕೊಂಡ. ಬೆಳೆಗಾರರಿಗೆ ಅವನೇ ಹತ್ತಿರ. ಎರಡು ಸಲ ಮೆಣಸನ್ನೆಲ್ಲ ಬಾಚಿಕೊಂಡ. ಮೂರನೆಯ ಸಲವೂ ಹಾಗಾದರೆ ಹೇರೆತ್ತುಗಳನ್ನು ಮಾರಿ ಮಳಿಗೆಗೆ ಬೀಗ ಹಾಕಬೇಕು. ವ್ಯಾಪಾರಿ ಕೂತಲ್ಲಿ ಕೂರಲಾರದೆ ಬೆಟ್ಟ ಇಳಿದು ನಗಾರಿಯವನ ಮುಂದೆ ನಿಂತ.

"ಸೆಟ್ಟರೇ, ನೂರು ಪೆಟ್ಟಿನಲ್ಲಿ ನಿಮಗೆ ಎಷ್ಟು ತಪ್ಪಿ ಕೇಳುತ್ತವೆ?"

"ಹೆಚ್ಚೆಂದರೆ ಒಂದು. ಆ ಎದುರಾಳಿ ಬಂದರಿಗೆ ದೂರ, ಗಾಳಿಯೂ ಅಡ್ಡ, ಅವನಿಗೆ ಹತ್ತು ತಪ್ಪೀತು. ಆದರೂ ತೊಂಬತ್ತು ಕೇಳುತ್ತದಲ್ಲಯ್ಯಾ ಆ ಕಳ್ಳನಿಗೆ!"

"ಕೇಳಲಿ ಬಿಡಿ. ತಪ್ಪುವ ಹತ್ತರಲ್ಲಿ ನಿಮ್ಮ ಬದುಕಿದೆ."

ನಗಾರಿಯವನು ನೆಲದ ಮೇಲೆ ಹತ್ತು ಸಾಲು, ಸಾಲಿಗೆ ಹತ್ತರಂತೆ ಕಾಳು ಇಟ್ಟ. ಗಟ್ಟಿ ಪೆಟ್ಟಿಗೆ ಮೆಣಸು, ಮೆಲುಪೆಟ್ಟಿಗೆ ಅಕ್ಕಿ. ಅಡ್ಡ ಎಣಿಸಲಿ, ಉದ್ದ ಎಣಿಸಲಿ, ಪ್ರತಿ ಸಾಲಿನ ಮೆಣಸಿನ ಎಣಿಕೆಯೂ ಸಮಸಂಖ್ಯೆ. ಒಂದು ಪೆಟ್ಟು ತಪ್ಪಿ ಕೇಳಿದರೆ ಒಂದು ಅಡ್ಡಸಾಲೂ ಒಂದು ಉದ್ದಸಾಲೂ ಬೆಸವಾಗುತ್ತವೆ. ಅವು ಕೂಡುವಲ್ಲಿ ಕಾಳು ಬದಲಿಸಿದರೆ ತಪ್ಪು ತಿದ್ದಿದಂತಾಯಿತು. ಹತ್ತು ತಪ್ಪಿದವನಿಗೆ ಯಾವುದನ್ನು ಬದಲಿಸಬೇಕೆಂದೇ ತಿಳಿಯದು. ಆಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಮೇಲರ್ಧದ ಮೆಣಸು ಎಣಿಸಬೇಕು. ಸಮವಾದರೆ ಹಡಗು ಬಂದಿದೆ, ಬೆಸವಾದರೆ ಇಲ್ಲ. ಅಲ್ಲಿ ಒಂದು ಕಾಳು ತಪ್ಪಿದರೂ ಉತ್ತರ ತಿರುವುಮುರುವು.

"ಹಡಗು ಬರಲಿ ಬಿಡಲಿ, ದಿನಾ ಬೆಳಿಗ್ಗೆ ಬಾರಿಸುತ್ತೇನೆ, ದಿನಕ್ಕೊಂದು ಬಗೆ," ಎಂದ.

"ಈ ವಿದ್ಯೆ ಅವನಿಗೂ ತಿಳಿದರೆ?"

"ನಾನೇ ಕಲಿಸಿ ಬರಲೇ? ವಿದ್ಯೆ ಬಂದರೆ ಅವನ ಗುಡ್ಡ ಹತ್ತಿರ ಬಂದೀತೇ!"

ಎದುರಾಳಿಗೆ ವಿದ್ಯೆ ತಿಳಿದೇ ತಿಳಿಯಿತು. ಅವನೂ ಕಾಳು ಹರಡಿ ಕೂತ. ಆದರೆ ಅವನ ಎಣಿಕೆಗೂ ಕವಡೆ ಹಾಕಿ ನೋಡುವುದಕ್ಕೂ ವ್ಯತ್ಯಾಸವಿರಲಿಲ್ಲ. ಹಡಗಿಲ್ಲದ ದಿನ ಕೊಂಡ ಮೆಣಸು ಅವನ ಮಳಿಗೆಯಲ್ಲೇ ಬೂಷ್ಟು ಹಿಡಿಯಿತು. ವ್ಯಾಪಾರಿಯ ಎತ್ತುಗಳು ಹೇರು ಹೊತ್ತು ಬೆಟ್ಟ ಇಳಿದವು.

ಆದರೂ ವ್ಯಾಪಾರಿಗೆ ನೆಮ್ಮದಿಯಿಲ್ಲ. ಬೆಳಿಗ್ಗೆ ಒಂದು ಪೆಟ್ಟು ತಪ್ಪುತ್ತಿತ್ತು. ತಿದ್ದಿದ್ದು ಸರಿಯೋ ಅಲ್ಲವೋ ಎಂದು ಮೂರು ಮೂರು ಸಲ ಎಣಿಸುತ್ತಿದ್ದ. ಕೊನೆಗೆ ಎರಡಾಳು ಹೊರುವ ನಗಾರಿ ಮಾಡಿಸಿ ತಾನೇ ಬಂದರಿಗೆ ತಂದ.

"ಇದು ಬೇಡ ಸೆಟ್ಟರೇ. ಹಳೆಯದೇ ಸಾಕು," ಎಂದ ನಗಾರಿಯವನು.

"ತೊಗಲು ನನ್ನದು, ತೋಳು ನಿನ್ನದು. ಬಾರಿಸು."

ಮರುದಿನ ನೂರಕ್ಕೆ ನೂರೂ ಸ್ಪಷ್ಟವಾಗಿ ಕೇಳಿದವು. ಒಂದು ಸಾಲೂ ಬೆಸವಿಲ್ಲ, ಮೇಲರ್ಧವೂ ಸಮ. ವ್ಯಾಪಾರಿ ನಗುತ್ತಲೇ ಎತ್ತು ಹೊಡೆದುಕೊಂಡು ಹೋದ. ಬೆಳೆಗಾರರ ಅಂಗಳಗಳು ಬರಿದಾಗಿದ್ದವು. ಎದುರಾಳಿಯ ಆಳುಗಳು ಕೊನೆಯ ಚೀಲದ ಬಾಯಿ ಹೊಲಿಯುತ್ತಿದ್ದರು.

"ಹಾಗಾದರೆ ಗುಟ್ಟು ಒಡೆದದ್ದು ದೊಡ್ಡ ನಗಾರಿಯೇ, ಗುರುಗಳೇ?" ಎಂದ ಶಿಷ್ಯ.

"ಅಲ್ಲಪ್ಪಾ, ತನಗೆ ತಪ್ಪಿದ ಒಂದನ್ನು ತಾಳಲಾರದವನು ಹಗೆಗೆ ತಪ್ಪಿದ್ದ ಹತ್ತನ್ನೂ ತಾನೇ ತುಂಬಿಕೊಟ್ಟ."