ಕಾಗೆಗೆ ಬೇಕಾದ ಇನ್ನೊಂದು ಓಟ

ಕೋತಿಗಳಿಗೂ ಅಳಿಲುಗಳಿಗೂ ಬೇಸ್‌ಬಾಲ್ ಪಂದ್ಯವೆಂದು ತಿಳಿದದ್ದೇ ತಡ, ಕಾಗೆ ತನ್ನ ಗೂಡನ್ನೇ ಪಣವಿಟ್ಟು ಕೋತಿಗಳ ಪಕ್ಷ ಹಿಡಿಯಿತು.

"ಕೋತಿಗಳು ಗೆಲ್ಲುವುದು ಕಾಡಿಗೇ ಗೊತ್ತು, ಕಾಗಕ್ಕ," ಎಂದಿತು ಎದುರು ಪಣಕ್ಕೆ ನಿಂತ ಕೋಗಿಲೆ. "ಬರೀ ಗೆದ್ದರೆ ಸಾಲದು. ಎರಡು ಓಟವಾದರೂ ಹೆಚ್ಚಿಗೆ ಗಳಿಸಿದರೆ ಈ ಮಾವಿನ ಮರವೆಲ್ಲ ನಿನ್ನದು. ಇಲ್ಲವಾದರೆ ಗೂಡು ನನ್ನದು."

"ಎರಡೇನು, ಇಪ್ಪತ್ತು ಗಳಿಸುತ್ತವೆ ನೋಡುತ್ತಿರು!"

ಕೊನೆಯ ಸರದಿಯ ಹೊತ್ತಿಗೆ ಎರಡು ತಂಡವೂ ಸಮಸಮ. ಅಳಿಲುಗಳ ಆಟ ಮುಗಿದು, ಬ್ಯಾಟು ಕೋತಿಗಳ ಕೈಯಲ್ಲಿತ್ತು. ಒಂದೇ ಏಟಿಗೆ ಚೆಂಡು ಬೇಲಿಯತ್ತ ಚಿಮ್ಮಿತು. ಮುಂದಿದ್ದ ಕೋತಿ ಬಾಲ ಎತ್ತಿ ಓಡಿ ಗುರಿ ಮುಟ್ಟಿತು. ಒಂದು ಓಟ! ಕಾಡೆಲ್ಲ ಕೇಕೆ ಹಾಕಿತು. ಹಿಂದೆಯೇ ಇನ್ನೊಂದು ಕೋತಿ ಓಡಿ ಬರುತ್ತಿತ್ತು. ಅದೂ ಮುಟ್ಟಿದರೆ ಮರ ಕಾಗೆಯದೇ!

ಆ ಕೋತಿ ಅರ್ಧ ದಾರಿಯಲ್ಲೇ ನಿಂತು ಕುಣಿಯತೊಡಗಿತು. ಕೋಗಿಲೆ ಗೂಡಿನತ್ತ ಹಾರಿತು.

"ಓಡೋ, ಮಂಗ! ಓಡೋ!" ಎಂದು ಕಾಗೆ ಕಿರುಚಿತು.

"ಯಾಕೆ ಓಡಲಿ? ಕೊನೆಯ ಸರದಿಯಲ್ಲಿ ಒಂದು ಓಟ ಮುಂದಾದರೆ ಆಟ ಮುಗಿದಂತೆ," ಎಂದಿತು ಕೋತಿ. "ನಾವು ಗೆದ್ದೆವು, ಕಾಗಕ್ಕ. ಎರಡನೆಯದು ಬೇಕಾಗಿದ್ದದ್ದು ನಿನಗೆ."